ಸ್ಪ್ರೇ ಎಣ್ಣೆಯ ಡಬ್ಬಿ: ಜನರು ಹೇಳುವ ಎಚ್ಚರಿಕೆ, ಡಬ್ಬಿಯ ಮೇಲಿನ ಎಚ್ಚರಿಕೆ

(ಗ್ರಾಮ ಪಂಚಾಯಿತಿಗಳ ನೀರುಗಂಟಿಗಳು, ಸ್ವಚ್ಛ ವಾಹಿನಿ ಸಿಬ್ಬಂದಿ ಹಾಗೂ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಜಿಲ್ಲಾ ಪಂಚಾಯತ್ ಸಭಾಂಗಣದಲ್ಲಿ ಏರ್ಪಡಿಸಿದ್ದ ಗೃಹ ಸುರಕ್ಷತಾ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಓದುಗರಿಗೆ ದೊರೆಯುವಂತೆ ಪ್ರಕಟಿಸಲಾಗಿದೆ.)



ಇಂದಿನ ವಿಷಯ ಕೇಳುವುದಕ್ಕೆ ಸಣ್ಣದು. ಹಾರ್ಡ್‌ವೇರ್ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತಿರುವ, ನೆತ್ತಿಯ ಗುಂಡಿಯನ್ನು ಒತ್ತಿದರೆ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸುವ ತಗಡಿನ ಡಬ್ಬಿಯೇ ಆ ವಿಷಯ. ಒಂದು ತಲೆಮಾರಿನ ಹಿಂದೆ ಬಾಗಿಲಿನ ಕೀಲು ಕಿರುಗುಟ್ಟಿದರೆ ಅಡುಗೆಮನೆಯಿಂದ ಎರಡು ಹನಿ ಕೊಬ್ಬರಿ ಎಣ್ಣೆ ಬರುತ್ತಿತ್ತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇತ್ತು. ಹೊಲಿಗೆ ಯಂತ್ರದ ಖಾನೆಯಲ್ಲಿ ಉದ್ದ ಮೂತಿಯ ಪುಟ್ಟ ಎಣ್ಣೆಡಬ್ಬಿ ಇರುತ್ತಿತ್ತು. ತುಕ್ಕು ಹಿಡಿದ ನಟ್ಟು ಬಿಡದಿದ್ದರೆ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಲಾಗುತ್ತಿತ್ತು. ಈ ನಾಲ್ಕು ಕೆಲಸಗಳನ್ನೂ ಈಗ ಒಂದೇ ಡಬ್ಬಿಗೆ ವಹಿಸಿಕೊಡಲಾಗಿದೆ. ಪಡಿತರದ ಸೀಮೆಎಣ್ಣೆ ಮನೆಗಳಿಂದ ಮರೆಯಾಗುತ್ತ ಬಂದಂತೆ ಆ ಜಾಗವನ್ನು ಇದು ಆಕ್ರಮಿಸಿತೆಂದರೂ ತಪ್ಪಿಲ್ಲ.

ಡಬ್ಬಿಯ ಜೊತೆಯಲ್ಲಿಯೇ ಅದರ ಕುರಿತ ಮಾತುಗಳೂ ಊರಿಗೆ ಬಂದಿವೆ. ಅದು ಎಣ್ಣೆಯೇ ಅಲ್ಲ, ಬರೀ ತೊಳೆಯುವ ದ್ರವ ಎಂದು ಒಬ್ಬರು ಹೇಳುತ್ತಾರೆ. ಸೈಕಲ್ಲಿನ ಚೈನಿಗೆ ಹೊಡೆದರೆ ಚೈನು ಹಾಳಾಗುತ್ತದೆ ಎಂದು ಇನ್ನೊಬ್ಬರು. ಬೀಗದೊಳಗೆ ಬಿಟ್ಟರೆ ಬೀಗ ಕಚ್ಚಿಕೊಳ್ಳುತ್ತದೆ, ರಬ್ಬರಿಗೆ ತಗುಲಿದರೆ ರಬ್ಬರು ಕರಗುತ್ತದೆ, ಆಕಾಶದ ಓಜೋನ್ ಪದರ ಹರಿಯುತ್ತದೆ ಎಂಬ ಮಾತುಗಳುಂಟು. ಎದುರು ಪಕ್ಷದಲ್ಲಿ ಅಭಯ ನೀಡುವ ಮಾತುಗಳೂ ಇವೆ. ಅದು ಮೀನೆಣ್ಣೆ, ಆದ್ದರಿಂದ ನಿರಪಾಯಕಾರಿ. ಅದರಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಸ್ವಿಚ್ ಬೋರ್ಡಿಗೂ ಹೊಡೆಯಬಹುದು. ಕಬ್ಬಿಣದ ಕೀಲು ಸಡಿಲವಾಗುವುದಾದರೆ ಮೊಣಕಾಲಿನ ಕೀಲೂ ಸಡಿಲವಾಗಬೇಕಲ್ಲವೇ ಎಂಬ ತರ್ಕ.

ಇವೆಲ್ಲವನ್ನೂ ಒಂದೆಡೆ ಇರಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜನರು ಪರಸ್ಪರ ಹೇಳಿಕೊಳ್ಳುವ ಎಚ್ಚರಿಕೆಗಳು ಬಹುತೇಕ ವಸ್ತುವಿನ ಕುರಿತಾದವು: ಚೈನು, ಬೀಗ, ರಬ್ಬರು. ಡಬ್ಬಿಯ ಬೆನ್ನಿನ ಮೇಲೆ ಅಚ್ಚಾಗಿರುವ ಎಚ್ಚರಿಕೆಗಳು ಮನುಷ್ಯನ ಕುರಿತಾದವು: ಬೆಂಕಿ, ಕಣ್ಣು, ಉಸಿರು, ಮಗು. ಮೊದಲನೆಯವು ಅರ್ಧ ಸತ್ಯವಾದರೂ ಊರೆಲ್ಲ ಹರಡಿವೆ. ಎರಡನೆಯವು ಪೂರ್ಣ ಸತ್ಯವಾದರೂ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿಯೇ ಉಳಿದುಬಿಟ್ಟಿವೆ.

ಈ ಬಗೆಯ ಡಬ್ಬಿಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಡಬ್ಲ್ಯೂಡಿ-40. ಅದರ ಹುಟ್ಟಿನ ಕಥೆಯನ್ನು ತಿಳಿದರೆ ಅರ್ಧದಷ್ಟು ಗೊಂದಲ ತಾನಾಗಿ ಪರಿಹಾರವಾಗುತ್ತದೆ. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯೇಗೊ ನಗರದಲ್ಲಿ ರಾಕೆಟ್ ಕೆಮಿಕಲ್ ಕಂಪನಿ ಎಂಬ ಚಿಕ್ಕ ಸಂಸ್ಥೆಯೊಂದು ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವ ದ್ರವವನ್ನು ತಯಾರಿಸಲು ಹೊರಟಿತು. ಲೋಹದ ಮೈಮೇಲಿನ ನೀರನ್ನು ಪಕ್ಕಕ್ಕೆ ಸರಿಸುವುದೇ ಆ ದ್ರವದ ಕೆಲಸ. ನಲವತ್ತನೆಯ ಪ್ರಯತ್ನದಲ್ಲಿ ಸೂತ್ರ ಕೈಗೂಡಿತು. ನೀರನ್ನು ಸರಿಸುವಿಕೆ ಎಂಬರ್ಥದ ಎರಡು ಇಂಗ್ಲಿಷ್ ಪದಗಳ ಮೊದಲಕ್ಷರಗಳೂ ಆ ನಲವತ್ತೂ ಸೇರಿ ಹೆಸರಾಯಿತು. ಅಟ್ಲಾಸ್ ಕ್ಷಿಪಣಿಯ ತೆಳುವಾದ ಉಕ್ಕಿನ ಹೊರಮೈಯನ್ನು ತುಕ್ಕಿನಿಂದ ಕಾಪಾಡುವುದಕ್ಕಾಗಿ ಕಾನ್ವೇರ್ ಎಂಬ ವಿಮಾನ ತಯಾರಿಕಾ ಸಂಸ್ಥೆ ಅದನ್ನು ಬಳಸಿತು. 1958ರಲ್ಲಿ ಅದು ಒತ್ತುಗುಂಡಿಯ ಡಬ್ಬಿಯ ರೂಪದಲ್ಲಿ ಅಂಗಡಿಗೆ ಬಂದಿತು. 1961ರಲ್ಲಿ ಕಾರ್ಲಾ ಎಂಬ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿದಾಗ ನೆರೆಯಲ್ಲಿ ನೆನೆದ ವಾಹನಗಳನ್ನೂ ಯಂತ್ರಗಳನ್ನೂ ಮತ್ತೆ ಬಳಕೆಗೆ ತರಲು ಅದು ಲಾರಿಗಟ್ಟಲೆ ಖರ್ಚಾಯಿತು.

ಆದುದರಿಂದ ಇದು ಮೂಲತಃ ನೀರನ್ನು ಓಡಿಸುವ ದ್ರವ. ಆಗುಂಬೆಯಂಥ ಕಡೆ, ತಿಂಗಳುಗಟ್ಟಲೆ ಗೋಡೆಯೂ ಒದ್ದೆ ಗುದ್ದಲಿಯೂ ಒದ್ದೆ ಆಗಿರುವ ಮಳೆಗಾಲದಲ್ಲಿ, ಅಡಿಕೆ ಕೊಯ್ಲಿನ ಕತ್ತಿಗೂ ಗರಗಸಕ್ಕೂ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು ಇದಕ್ಕಿಂತ ಸುಲಭದ ಉಪಾಯ ಕಡಿಮೆ. ಅದರಲ್ಲಿ ಇರುವುದೇನೆಂಬುದನ್ನು ತಯಾರಕರೇ ಪ್ರಕಟಿಸುವ ಸುರಕ್ಷತಾ ಮಾಹಿತಿ ಪತ್ರ ತಿಳಿಸುತ್ತದೆ. ಹೆಚ್ಚಿನ ಪಾಲು ಪೆಟ್ರೋಲಿಯಂನಿಂದ ಬಂದ, ಬೇಗ ಆರಿಹೋಗುವ ತೆಳು ದ್ರವ. ಉಳಿದುದರಲ್ಲಿ ಒಂದಷ್ಟು ಖನಿಜ ತೈಲ. ತಳ್ಳುವುದಕ್ಕೆ ಇಂಗಾಲದ ಡೈಆಕ್ಸೈಡ್ ಅನಿಲ. ತೆಳು ದ್ರವ ಕೂದಲೆಳೆಯಷ್ಟು ಸಂದಿಗೂ ನುಗ್ಗುತ್ತದೆ, ನೀರಿನ ಅಡಿಗೆ ಇಳಿದು ಅದನ್ನು ಎತ್ತಿ ಸರಿಸುತ್ತದೆ, ತುಕ್ಕಿನ ಪುಡಿಯನ್ನೂ ಹಳೆಯ ಜಿಡ್ಡನ್ನೂ ಸಡಿಲಿಸುತ್ತದೆ. ಬಳಿಕ ಅದು ಆರಿಹೋಗಿ ಎಣ್ಣೆಯ ತೆಳು ಪದರವೊಂದು ಉಳಿಯುತ್ತದೆ. ಮೀನೆಣ್ಣೆಯ ಮಾತು ಅಮೆರಿಕದಲ್ಲಿಯೇ ಹುಟ್ಟಿದ ದಂತಕಥೆ. ಅಲ್ಲಿಯ ಗಾಳ ಹಾಕುವವರು ಅದನ್ನು ಗಾಳದ ಎರೆಗೆ ಸಿಂಪಡಿಸುತ್ತಿದ್ದರೆಂಬ ಕಥೆಗೂ ಇದಕ್ಕೂ ನಂಟಿರಬಹುದು. ಮೀನೆಣ್ಣೆ ಅದರಲ್ಲಿಲ್ಲವೆಂದು ತಯಾರಕರೇ ಹೇಳಿದ್ದಾರೆ.

ಈಗ ಜನರು ಹೇಳುವ ಎಚ್ಚರಿಕೆಗಳನ್ನು ಒಂದೊಂದಾಗಿ ತೂಗಿ ನೋಡಬಹುದು. ಅದು ಎಣ್ಣೆಯೇ ಅಲ್ಲ ಎಂಬ ಮಾತು ಸುಳ್ಳು. ಆದರೆ ಆ ಮಾತಿನ ಹಿಂದೆ ಒಂದು ಅನುಭವವಿದೆ. ಉಳಿಯುವ ಪದರ ಬಹು ತೆಳುವಾದುದರಿಂದ ಭಾರ ಹೊರುವ, ವೇಗವಾಗಿ ತಿರುಗುವ ಭಾಗಗಳಿಗೆ ಅದು ಸಾಲದು. ಗಾಡಿಯ ಅಚ್ಚಿಗೆ ಹಿರಿಯರು ಹರಳೆಣ್ಣೆಯಂಥ ಮಂದವಾದ ಎಣ್ಣೆಯನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆಯನ್ನೇ ಬಳಸಲಾಗುತ್ತಿತ್ತು. ಮಂದ ಎಣ್ಣೆ ಲೋಹಕ್ಕೂ ಲೋಹಕ್ಕೂ ನಡುವೆ ನಿಂತು ಭಾರವನ್ನು ಹೊರುತ್ತದೆ. ತೆಳು ಎಣ್ಣೆ ಹಿಂಡಿಕೊಂಡು ಹೊರಗೆ ಹೋಗುತ್ತದೆ. ಗ್ರೀಸು ತುಂಬಿದ ಬೇರಿಂಗಿಗೆ ಸ್ಪ್ರೇ ಹೊಡೆದರೆ ಮೊದಲ ದಿನ ಸದ್ದು ನಿಂತಂತೆ ತೋರುತ್ತದೆ. ಒಳಗಿದ್ದ ಗ್ರೀಸು ತೊಳೆದುಹೋಗಿ ಕೆಲವು ದಿನಗಳಲ್ಲಿ ಸದ್ದು ಇಮ್ಮಡಿಯಾಗಿ ಮರಳುತ್ತದೆ. ಆಗ ಡಬ್ಬಿಯನ್ನು ಬೈಯುವುದು ವಾಡಿಕೆ.

ನೀರುಗಂಟಿ ಬಂಧುಗಳಿಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಇಂಡಿಯಾ ಮಾರ್ಕ್-2 ಕೈಪಂಪಿನ ತಲೆಪೆಟ್ಟಿಗೆಯೊಳಗೆ ಒಂದು ಚೈನು ಇದೆ. ಹಿಡಿಕೆಯನ್ನು ಒತ್ತಿದಾಗಲೆಲ್ಲ ಕೊಳವೆಯೊಳಗಿನ ಸರಳಿನ ಭಾರವನ್ನೂ ನೀರಿನ ಭಾರವನ್ನೂ ಎಳೆಯುವುದು ಆ ಚೈನೇ. ಅದಕ್ಕೆ ಬೇಕಾದುದು ಗ್ರಾಫೈಟ್ ಗ್ರೀಸು. ಕಿರುಗುಟ್ಟುವ ಕೈಪಂಪಿಗೆ ಮುಚ್ಚಳ ತೆಗೆದು ಸ್ಪ್ರೇ ಹೊಡೆದು ಮುಗಿಸಿದರೆ ಇದ್ದ ಗ್ರೀಸೂ ತೊಳೆದುಹೋಗುತ್ತದೆ. ಅದರ ಜೊತೆಗೆ ಪೆಟ್ರೋಲಿಯಂ ದ್ರವ ಸರಳಿನ ಮೇಲೆ ಇಳಿದು ಜನ ಕುಡಿಯುವ ನೀರಿಗೆ ಸೇರುವ ದಾರಿಯೂ ತೆರೆಯುತ್ತದೆ. ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳದ ಕೀಲು, ಶುದ್ಧ ನೀರಿನ ಘಟಕದ ನಲ್ಲಿ ಮೊದಲಾದ ಕಡೆಗಳಲ್ಲಿಯೂ ಇದೇ ವಿವೇಕ ಬೇಕು. ರುಬ್ಬುವ ಯಂತ್ರ, ಹಿಟ್ಟಿನ ಗಿರಣಿ, ಗಾಣ ಇವುಗಳಲ್ಲಿ ಆಹಾರಕ್ಕೆ ತಾಗುವ ಭಾಗಗಳಿಗೆ ಈ ಡಬ್ಬಿ ಸಲ್ಲದು. ಆಹಾರ ಯಂತ್ರಗಳಿಗೆಂದೇ ತಯಾರಾದ ಎಣ್ಣೆ ಬೇರೆ ಇದೆ. ಗಿರಣಿಯ ಬೆಲ್ಟು ಕೂಗಿದರೆ ಬೆಲ್ಟಿಗೆ ಸ್ಪ್ರೇ ಹೊಡೆಯುವವರೂ ಇದ್ದಾರೆ. ಹಿಡಿತದಿಂದಲೇ ಓಡಬೇಕಾದ ಬೆಲ್ಟಿಗೆ ಜಾರುವಿಕೆಯನ್ನು ಕೊಟ್ಟರೆ ಫಲವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೈಕಲ್ ಚೈನಿನ ಮಾತೂ ಇಂಥದೇ. ಸ್ಪ್ರೇ ಚೈನನ್ನು ಕೆಡಿಸುವುದಿಲ್ಲ, ಶುಚಿಗೊಳಿಸುತ್ತದೆ. ಕೊಳೆ ಬಿಟ್ಟ ಮೇಲೆ ಬಟ್ಟೆಯಿಂದ ಒರೆಸಿ ಚೈನಿನ ಎಣ್ಣೆಯನ್ನು ಹಾಕಬೇಕು. ಎರಡನೆಯ ಕೆಲಸವನ್ನು ಮರೆತವರ ಚೈನು ಬೇಗ ಸವೆಯುತ್ತದೆ. ಸ್ವಸಹಾಯ ಸಂಘಗಳ ಹೊಲಿಗೆ ಯಂತ್ರಗಳಿಗೂ ಹೀಗೆಯೇ: ಗಂಟು ಬಿದ್ದ ಹಳೆಯ ಜಿಡ್ಡನ್ನು ಬಿಡಿಸಲು ಒಮ್ಮೆ ಬಳಸಬಹುದು, ನಿತ್ಯದ ಎಣ್ಣೆಯಾಗಿ ಅಲ್ಲ. ಬೀಗದ ವಿಷಯದಲ್ಲಿ ಬಲ್ಲವರಲ್ಲಿಯೇ ಎರಡು ಪಕ್ಷ ಇವೆ. ಕಚ್ಚಿಕೊಂಡ ಬೀಗ ಇದರಿಂದ ತೆರೆದುಕೊಳ್ಳುತ್ತದೆ ಎಂಬುದು ನಿಜ. ಉಳಿಯುವ ಎಣ್ಣೆಪದರ ಬಯಲುಸೀಮೆಯ ಧೂಳನ್ನು ಸೆಳೆದು ಕೆಸರಾಗುತ್ತದೆ ಎಂಬುದೂ ನಿಜ. ಧೂಳಿನ ಊರುಗಳಲ್ಲಿ ಒಣ ಗ್ರಾಫೈಟ್ ಪುಡಿಯೇ ಮೇಲು. ರಬ್ಬರಿನ ವಿಷಯದಲ್ಲಿ ಎಲ್ಲ ರಬ್ಬರೂ ಒಂದೇ ಅಲ್ಲ ಎಂಬುದನ್ನು ನೆನಪಿಡಬೇಕು. ಸಹಜ ರಬ್ಬರು ಪೆಟ್ರೋಲಿಯಂ ಎಣ್ಣೆಯಲ್ಲಿ ಉಬ್ಬಿ ಮೆದುವಾಗುತ್ತದೆ. ಎಂಜಿನ್ನುಗಳಲ್ಲಿ ಬಳಸುವ ಕೆಲವು ಕೃತಕ ರಬ್ಬರುಗಳು ಎಣ್ಣೆಯನ್ನು ತಡೆದುಕೊಳ್ಳುತ್ತವೆ. ಪಾರದರ್ಶಕವಾದ ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳು, ವಿಶೇಷವಾಗಿ ಹೆಲ್ಮೆಟ್ಟಿನ ಮುಖಗಾಜಿನಲ್ಲಿ ಬಳಸುವ ಪಾಲಿಕಾರ್ಬೊನೇಟ್, ಇದರಿಂದ ಬಿರುಕು ಬಿಡಬಹುದು.

ಓಜೋನಿನ ಎಚ್ಚರಿಕೆ ಒಂದು ಕಾಲಕ್ಕೆ ಸತ್ಯವಾಗಿತ್ತು. ಸ್ಪ್ರೇ ಡಬ್ಬಿಗಳಲ್ಲಿ ತಳ್ಳುವ ಅನಿಲವಾಗಿ ಸಿಎಫ್‌ಸಿ ಎಂಬ ರಾಸಾಯನಿಕವನ್ನು ಬಳಸುತ್ತಿದ್ದರು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಭಾರತ 1992ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಇಂದಿನ ಡಬ್ಬಿಗಳಲ್ಲಿ ಸಿಎಫ್‌ಸಿ ಇಲ್ಲ. ಆದರೆ ಅದರ ಜಾಗಕ್ಕೆ ಬಂದುದೇನು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೆಲವು ಡಬ್ಬಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಇದೆ. ಹಲವು ಡಬ್ಬಿಗಳಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಎಂದರೆ ಅಡುಗೆಮನೆಯ ಸಿಲಿಂಡರಿನೊಳಗಿನ ಅದೇ ಅನಿಲ. ಆಕಾಶಕ್ಕೆ ಹೋದ ಭಯ ಒಲೆಯ ಬದಿಗೆ ಮರಳಬೇಕಾಗಿದ್ದುದು ಇಲ್ಲಿ.

ಇಲ್ಲಿಂದ ಮುಂದಿನದು ಡಬ್ಬಿಯ ಬೆನ್ನಿನ ಮೇಲಿನ ಮಾತು. ತಳ್ಳುವ ಅನಿಲ ಯಾವುದೇ ಇರಲಿ, ಒಳಗಿನ ದ್ರವ ಉರಿಯುವಂಥದು. ಬಟ್ಟಲಿನಲ್ಲಿರುವ ಎಣ್ಣೆಗಿಂತ ತುಂತುರಾಗಿ ಹರಡಿದ ಎಣ್ಣೆ ಬಹು ಬೇಗ ಹೊತ್ತಿಕೊಳ್ಳುತ್ತದೆ, ಏಕೆಂದರೆ ಪ್ರತಿ ಹನಿಯ ಸುತ್ತಲೂ ಗಾಳಿ ಇರುತ್ತದೆ. ಅಡುಗೆಮನೆಯಲ್ಲಿ ಕಿಟಕಿಯ ಚಿಲಕಕ್ಕೋ ಕಪಾಟಿನ ಕೀಲಿಗೋ ಸ್ಪ್ರೇ ಹೊಡೆಯುವಾಗ ಒಲೆ ಉರಿಯುತ್ತಿರಬಾರದು. ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಯಾವುದೂ ಬಳಿಯಲ್ಲಿರಬಾರದು. ಕಿಟಕಿ ಬಾಗಿಲು ತೆರೆದಿರಬೇಕು. ಕಣಜದ ಗೂಡನ್ನೋ ಜೇಡರ ಬಲೆಯನ್ನೋ ಸುಡಲು ಸ್ಪ್ರೇಗೆ ಕಡ್ಡಿ ಗೀರುವ ಆಟವನ್ನು ಮಕ್ಕಳು ಮೊಬೈಲಿನಲ್ಲಿ ನೋಡಿ ಕಲಿಯುತ್ತಾರೆ. ಆ ಆಟದಲ್ಲಿ ಡಬ್ಬಿ ಇರುವುದು ಮಗುವಿನ ಕೈಯಲ್ಲಿ.

ಗ್ಯಾಸ್ ಒಲೆಯ ತಿರುಗುಗುಂಡಿ ಬಿಗಿಯಾದರೆ, ರೆಗ್ಯುಲೇಟರ್ ಸಿಲಿಂಡರಿಗೆ ಸುಲಭವಾಗಿ ಕೂರದಿದ್ದರೆ ಒಂದು ಸಲ ಸ್ಪ್ರೇ ಹೊಡೆದು ನೋಡೋಣ ಎನ್ನಿಸುವುದು ಸಹಜ. ಅದನ್ನು ಮಾಡಲೇಬಾರದು. ಒಲೆಯ ಗುಂಡಿಯೊಳಗೆ ಅನಿಲ ಸೋರದಂತೆ ತಡೆಯುವುದು ವಿಶೇಷ ಬಗೆಯ ಗ್ರೀಸು. ಸ್ಪ್ರೇ ಅದನ್ನು ತೊಳೆದರೆ ಗುಂಡಿ ಹಗುರವಾಗಿ ತಿರುಗುತ್ತದೆ, ಅನಿಲವೂ ಹಗುರವಾಗಿ ಹೊರಬರುತ್ತದೆ. ಸಿಲಿಂಡರಿನ ಬಾಯೊಳಗೆ ರಬ್ಬರಿನ ಪುಟ್ಟ ಉಂಗುರವಿದೆ. ಅದಕ್ಕೂ ರಬ್ಬರ್ ಕೊಳವೆಗೂ ಎಣ್ಣೆ ಹಿತವಲ್ಲ. ಅನಿಲ ಸೋರುತ್ತಿದೆಯೇ ಎಂದು ನೋಡಲು ಸೋಪಿನ ನೀರು ಸಾಕು. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಬೇಕು. ಅನಿಲ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು.

ವಿದ್ಯುತ್ತಿನ ವಿಷಯದಲ್ಲಿ ಜನರ ಅಭಯದ ಮಾತು ಅರ್ಧ ಸತ್ಯ, ಆದ್ದರಿಂದಲೇ ಹೆಚ್ಚು ಅಪಾಯಕಾರಿ. ಖನಿಜ ತೈಲದಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲವೆಂಬುದು ನಿಜ. ಮಳೆಯಲ್ಲಿ ನೆನೆದು ನಿಂತ ಬೈಕಿನ ಸ್ಪಾರ್ಕ್ ಪ್ಲಗ್ಗಿನ ಸುತ್ತಲಿನ ನೀರನ್ನು ಓಡಿಸಲು ಮೆಕ್ಯಾನಿಕ್ಕುಗಳು ಇದನ್ನು ಬಳಸುವುದೂ ಉಂಟು. ಆದರೆ ಅಪಾಯ ಇರುವುದು ಕರೆಂಟು ಎಣ್ಣೆಯಲ್ಲಿ ಹರಿಯುವುದರಲ್ಲಿ ಅಲ್ಲ, ಕಿಡಿಯಲ್ಲಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಂದೊಂದು ಸಲ ಮೋಟಾರು ಚಾಲೂ ಆದಾಗಲೂ ಕಿಡಿ ಹಾರುತ್ತದೆ. ಕರೆಂಟ್ ಹೋಗಿದೆ ಎಂಬ ಧೈರ್ಯದಲ್ಲಿ ಪೆಟ್ಟಿಗೆಯನ್ನು ತೆರೆದು, ಹಲ್ಲಿ ಇರುವೆಗಳನ್ನು ಓಡಿಸಿ, ತುಕ್ಕಿಗೆ ಸ್ಪ್ರೇ ಹೊಡೆಯುತ್ತಿರುವಾಗ ತ್ರೀ-ಫೇಸ್ ಬಂದುಬಿಟ್ಟರೆ ಆಟೋ ಸ್ಟಾರ್ಟರ್ ಯಾರ ಅಪ್ಪಣೆಗೂ ಕಾಯುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ, ಆವಿಯ ನಡುವೆ ಕಿಡಿ, ಎದುರಿಗೆ ಮುಖ. ಕರೆಂಟ್ ಇಲ್ಲದಿರುವುದು ಬೇರೆ, ಮೇನ್ ಸ್ವಿಚ್ ಕೆಳಗಿಳಿಸಿ ಫ್ಯೂಸು ತೆಗೆದಿರುವುದು ಬೇರೆ. ಸ್ಟಾರ್ಟರಿನ ಒಳಭಾಗಕ್ಕೆ ಈ ಸ್ಪ್ರೇ ಬೇಕಾಗಿಯೂ ಇಲ್ಲ. ಉಳಿದ ಎಣ್ಣೆಪದರಕ್ಕೆ ಧೂಳು ಮೆತ್ತಿ ತೊಂದರೆ ಹೆಚ್ಚುತ್ತದೆ. ಆ ಕೆಲಸಕ್ಕೆ ಎಣ್ಣೆ ಉಳಿಸದ ಕ್ಲೀನರ್ ಬೇರೆ ದೊರೆಯುತ್ತದೆ. ಅದನ್ನು ಬಳಸುವಾಗಲೂ ಫ್ಯೂಸು ಕೈಯಲ್ಲಿರಬೇಕು.

ಇದೇ ಸಂಬಂಧದಲ್ಲಿ ಡಬ್ಬಿಯ ಮೇಲೆ ಇರುವ, ಬಹುಶಃ ಯಾರೂ ಓದದ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಡಬ್ಬಿಯೇ ತಗಡಿನದು, ತಗಡಿನಲ್ಲಿ ಕರೆಂಟು ಹರಿಯುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿಯ ತುದಿಗಳಿಗೆ ಹಿಡಿದ ಪುಡಿಯನ್ನು ತೆಗೆಯುವಾಗ ಡಬ್ಬಿಯ ಮೈ ಬ್ಯಾಟರಿಯ ತುದಿಗೆ ತಾಗಿ, ಇನ್ನೊಂದು ಬದಿ ಟ್ರ್ಯಾಕ್ಟರಿನ ಕಬ್ಬಿಣಕ್ಕೆ ತಾಗಿದರೆ ಅಲ್ಲಿ ಕ್ಷಣದಲ್ಲಿ ಬೆಸುಗೆಯಂಥ ಕಿಡಿ ಏಳುತ್ತದೆ. ತಗಡು ತೂತಾಗಿ, ಒತ್ತಡದಲ್ಲಿರುವ ದ್ರವ ಅದೇ ಕಿಡಿಯ ಮೇಲೆ ಚಿಮ್ಮುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿ ಏನು ಮಾಡೀತು ಎಂಬ ಉದಾಸೀನ ಇಲ್ಲಿ ಸಲ್ಲದು. ಶಾಕ್ ಹೊಡೆಯದ ಬ್ಯಾಟರಿಯೂ ತಗಡನ್ನು ಕರಗಿಸಬಲ್ಲದು. ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು, ಬಳಿಕ ಡಬ್ಬಿ ಹತ್ತಿರ ಬರಬೇಕು.

ಆಮ್ಲಜನಕದ ಸಿಲಿಂಡರ್ ಇರುವ ಕಡೆಗಳಿಗೆ ಇನ್ನೂ ಕಟ್ಟುನಿಟ್ಟಾದ ನಿಯಮವಿದೆ. ಕೋವಿಡ್ ಕಾಲದ ನಂತರ ಆರೋಗ್ಯ ಕೇಂದ್ರಗಳಲ್ಲಿಯೂ ಆಂಬುಲೆನ್ಸುಗಳಲ್ಲಿಯೂ ಕೆಲವು ಮನೆಗಳಲ್ಲಿಯೂ ಆಮ್ಲಜನಕ ಕಾಣಸಿಗುತ್ತದೆ. ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಂತೂ ಮೊದಲಿನಿಂದಲೂ ಇದೆ. ಸಿಲಿಂಡರಿನ ಕವಾಟ ಬಿಗಿಯಾಗಿದೆಯೆಂದು ಅದಕ್ಕೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸ್ಪ್ರೇಯನ್ನಾಗಲಿ ತಾಗಿಸಬಾರದು. ಅಧಿಕ ಒತ್ತಡದ ಆಮ್ಲಜನಕ ಎಣ್ಣೆಗೆ ತಾಗಿದರೆ ಬೆಂಕಿಕಡ್ಡಿಯ ಅಗತ್ಯವೇ ಇಲ್ಲದೆ ಸ್ಫೋಟದಂತೆ ಹೊತ್ತಿಕೊಳ್ಳಬಲ್ಲದು. ಎಣ್ಣೆ ಹತ್ತಿದ ಕೈಯಿಂದ ಕವಾಟವನ್ನು ಮುಟ್ಟುವುದೂ ಸರಿಯಲ್ಲ. ಬಿಗಿಯಾದ ಕವಾಟದ ಸಿಲಿಂಡರನ್ನು ಪೂರೈಕೆದಾರರಿಗೆ ಹಿಂದಿರುಗಿಸುವುದೊಂದೇ ದಾರಿ.

ಬ್ರೇಕಿನ ಕುರಿತು ಒಂದೇ ಮಾತು. ಶಾಲೆಗೆ ಹೋಗುವ ಮಕ್ಕಳ ಸೈಕಲ್ಲಿನ ಬ್ರೇಕ್ ಕೂಗುತ್ತದೆಯೆಂದು ಬ್ರೇಕಿನ ರಬ್ಬರಿಗೋ ಚಕ್ರದ ರಿಮ್ಮಿಗೋ, ಬೈಕಿನ ಡಿಸ್ಕಿಗೋ ಸ್ಪ್ರೇ ಹೊಡೆದರೆ ಕೂಗು ನಿಲ್ಲುತ್ತದೆ, ಬ್ರೇಕೂ ನಿಲ್ಲುತ್ತದೆ.

ಮನುಷ್ಯನ ಮೈಗೆ ಬರೋಣ. ಮೊಣಕಾಲು ನೋವಿಗೆ ಇದನ್ನು ಸಿಂಪಡಿಸಿಕೊಳ್ಳುವ ನಂಬಿಕೆಗೆ ಯಾವ ಆಧಾರವೂ ಇಲ್ಲ. ತಯಾರಕರೇ ಅದನ್ನು ಅಲ್ಲಗಳೆದಿದ್ದಾರೆ. ಬಾಗಿಲಿನ ಕೀಲಿನಲ್ಲಿ ತೊಂದರೆ ತುಕ್ಕಿನದು. ಮೊಣಕಾಲಿನಲ್ಲಿ ಸವೆದಿರುವುದು ಮೂಳೆಗಳ ತುದಿಯಲ್ಲಿರುವ ಮೆದು ಪದರ. ಚರ್ಮದ ಮೇಲೆ ಹೊಡೆದ ದ್ರವ ಅಲ್ಲಿಗೆ ತಲುಪಿ ಅದನ್ನು ಬೆಳೆಸುವುದಿಲ್ಲ. ಅದು ಮಾಡುವುದು ಚರ್ಮದ ಸಹಜ ಜಿಡ್ಡನ್ನು ತೆಗೆದು ಒಣಗಿಸಿ, ಉರಿ ತುರಿಕೆಗಳನ್ನು ತರುವುದನ್ನು. ತಣ್ಣಗೆ ತಾಗಿ ಆರುವುದರಿಂದ ಕ್ಷಣಕಾಲ ಹಾಯೆನಿಸಬಹುದು, ಅಷ್ಟೇ. ಹೇನಿಗೆ ಸೀಮೆಎಣ್ಣೆ ಹಚ್ಚುತ್ತಿದ್ದ ಹಳೆಯ ರೂಢಿಯ ಬೆನ್ನಿಗೇ ಇದೂ ಬಂದಿದೆ. ದನದ ಹುಣ್ಣಿಗೆ ಹುಳ ಬಿದ್ದಾಗ ಸ್ಪ್ರೇ ಹೊಡೆಯುವುದೂ ಪ್ರಾಣಿಗೆ ಹಿಂಸೆಯೇ. ಪಶು ಆಸ್ಪತ್ರೆಯಲ್ಲಿ ಅದಕ್ಕೆ ಔಷಧವಿದೆ. ಕಣ್ಣಿಗೆ ತಗುಲಿದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ ವೈದ್ಯರಿಗೆ ತೋರಿಸಬೇಕು. ಡಬ್ಬಿಯ ಆವಿಯನ್ನು ಬೇಕೆಂದೇ ಮೂಸುವ ಚಟ ಹೃದಯದ ಬಡಿತವನ್ನೇ ಕೆಡಿಸಿ ಹಠಾತ್ ಸಾವನ್ನು ತರಬಲ್ಲದು ಎಂಬುದನ್ನು ಹರೆಯದ ಮಕ್ಕಳಿರುವ ಮನೆಯವರು ತಿಳಿದಿರಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಈ ಸಭೆ ಮನೆಗೆ ಕೊಂಡೊಯ್ಯಬೇಕಾದ ಸಂಗತಿ ಪುಟ್ಟ ಮಕ್ಕಳದು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಇಡುವ ವಯಸ್ಸಿನ ಮಗು ಡಬ್ಬಿಯ ಕೊಳವೆಯನ್ನು ಚೀಪಬಹುದು. ಬಿಡಿಭಾಗ ನೆನೆಹಾಕಲು ಬಟ್ಟಲಿನಲ್ಲಿ ಹೊಡೆದಿಟ್ಟ ದ್ರವವನ್ನು ಕುಡಿಯಬಹುದು. ಈ ದ್ರವ ಹೊಟ್ಟೆಯಲ್ಲಿ ಮಾಡುವ ಕೇಡಿಗಿಂತ ಶ್ವಾಸಕೋಶದಲ್ಲಿ ಮಾಡುವ ಕೇಡು ದೊಡ್ಡದು. ಕಬ್ಬಿಣದ ಸಂದಿಗೆ ನುಗ್ಗುವ ಅದರ ತೆಳುತನವೇ ಇಲ್ಲಿ ಶತ್ರು: ಗಂಟಲಿನಿಂದ ಉಸಿರುನಾಳಕ್ಕೆ ಸುಲಭವಾಗಿ ಜಾರಿ, ಶ್ವಾಸಕೋಶದ ಒಳಗೋಡೆಯಲ್ಲಿ ಹರಡಿ, ನ್ಯುಮೋನಿಯಾದಂಥ ಉರಿಯೂತವನ್ನು ಎಬ್ಬಿಸುತ್ತದೆ. ಸೀಮೆಎಣ್ಣೆ ಕುಡಿದ ಮಕ್ಕಳಲ್ಲಿ ವೈದ್ಯರು ಬಹುಕಾಲದಿಂದ ಕಂಡಿರುವುದೂ ಇದನ್ನೇ. ಆದುದರಿಂದ ಉಪ್ಪುನೀರನ್ನೋ ಹುಣಸೆ ನೀರನ್ನೋ ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ವಾಂತಿಯಲ್ಲಿ ಅದೇ ದ್ರವ ಮೇಲೆ ಬಂದು ಇನ್ನೊಮ್ಮೆ ಉಸಿರುನಾಳದ ಬಾಗಿಲಿಗೆ ಬರುತ್ತದೆ. ಪ್ರೀತಿಯಿಂದ, ಗಾಬರಿಯಿಂದ ಮಾಡುವ ಈ ಉಪಚಾರವೇ ಮಗುವಿಗೆ ಎರಡನೆಯ ಪೆಟ್ಟಾಗುತ್ತದೆ.

ಮಾಡಬೇಕಾದುದು ಇಷ್ಟು. ಬಾಯಿ ಒರೆಸಿ, ದ್ರವ ಹತ್ತಿದ ಬಟ್ಟೆ ಬದಲಿಸಿ, ಮಗುವನ್ನು ಎತ್ತಿ ಕೂರಿಸಿಕೊಂಡು ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಡಬ್ಬಿಯನ್ನೂ ಜೊತೆಯಲ್ಲಿಯೇ ಒಯ್ಯಬೇಕು. ಒಳಗಿರುವುದೇನೆಂದು ವೈದ್ಯರಿಗೆ ಹೇಳಬಲ್ಲದ್ದು ಅದರ ಬೆನ್ನಿನ ಆ ಸಣ್ಣ ಅಕ್ಷರಗಳೇ. ಮಗು ಆಡಿಕೊಂಡಿದೆ, ಏನೂ ಆಗಿಲ್ಲ ಎಂದು ಸುಮ್ಮನಿರಬಾರದು. ಕೆಮ್ಮು, ಏದುಸಿರು, ಜ್ವರ ಕೆಲವು ಗಂಟೆಗಳ ಬಳಿಕವೂ ಕಾಣಿಸಿಕೊಳ್ಳಬಹುದು. ಬಟ್ಟಲಿನಲ್ಲಾಗಲಿ ತಂಪು ಪಾನೀಯದ ಬಾಟಲಿಯಲ್ಲಾಗಲಿ ಈ ದ್ರವವನ್ನು ತೆಗೆದಿಡದಿರುವುದು, ಡಬ್ಬಿಯನ್ನು ಮಗುವಿನ ಕೈಗೆಟುಕದ ಅಟ್ಟದ ಮೇಲೆ ಇರಿಸುವುದು ಇದರ ಮೊದಲಿನ ಹೆಜ್ಜೆ.

ಅಟ್ಟವೆಂದಾಗ ತಾಪದ ಮಾತೂ ಬರುತ್ತದೆ. ಡಬ್ಬಿಯನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಗೆ ಒಡ್ಡಬಾರದೆಂದು ಅದರ ಮೇಲೆಯೇ ಬರೆದಿರುತ್ತದೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯ ನೆರಳೇ 40 ಡಿಗ್ರಿಯನ್ನು ದಾಟುತ್ತದೆ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ 50 ಡಿಗ್ರಿ ಅಪರೂಪವಲ್ಲ. ತಗಡಿನ ಮಾಡಿನ ಕೆಳಗಿನ ಅಟ್ಟವೂ ಹಾಗೆಯೇ. ಹೆಂಚಿನ ಮನೆಯ ಅಟ್ಟ ಆದೀತು. ತಗಡಿನ ಮನೆಯವರು ಬೀಗವಿರುವ, ತಂಪಾದ ಕಪಾಟನ್ನು ಆರಿಸಿಕೊಳ್ಳಬೇಕು.

ಖಾಲಿಯಾದ ಡಬ್ಬಿಯ ವಿಷಯ ಸ್ವಚ್ಛ ವಾಹಿನಿಯ ಸಹೋದರಿಯರದು. ದ್ರವ ಮುಗಿದ ಮೇಲೂ ಡಬ್ಬಿಯೊಳಗೆ ಅನಿಲದ ಒತ್ತಡವಿರುತ್ತದೆ. ಊರ ಹೊರಗಿನ ಕಸದ ಗುಡ್ಡೆಗೆ ಬೆಂಕಿ ಇಟ್ಟಾಗ ಕೇಳುವ ಸಿಡಿತದ ಸದ್ದುಗಳಲ್ಲಿ ಇಂಥ ಡಬ್ಬಿಗಳ ಪಾಲೂ ಇದೆ. ಸ್ವಚ್ಛ ಸಂಕೀರ್ಣದಲ್ಲಿ ಒಣ ಕಸವನ್ನು ಕೈಯಿಂದ ವಿಂಗಡಿಸಿ ಯಂತ್ರದಲ್ಲಿ ಒತ್ತಿ ಕಟ್ಟುವ ಮಹಿಳೆಯರ ಮುಖದ ಬಳಿಯೇ ಅದು ಸಿಡಿಯುವುದೂ ಸಾಧ್ಯ. ಆದುದರಿಂದ ಅದನ್ನು ಮೊಳೆ ಹೊಡೆದು ತೂತು ಮಾಡಬಾರದು, ಒಲೆಗೆ ಎಸೆಯಬಾರದು, ಗುಜರಿಯವರಿಗೆಂದು ಸುತ್ತಿಗೆಯಿಂದ ತಟ್ಟಬಾರದು. 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ ಮೊದಲಾದವುಗಳನ್ನು ಗೃಹ ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕಿಸಲಾಗಿತ್ತು. ಸ್ಪ್ರೇ ಡಬ್ಬಿಯನ್ನೂ ಅವುಗಳ ಸಾಲಿನಲ್ಲಿಯೇ ಇರಿಸತಕ್ಕದ್ದು. ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಸದ್ದು ನಿಲ್ಲುವವರೆಗೆ ಗುಂಡಿ ಒತ್ತಿ ಅನಿಲವನ್ನು ಹೊರಬಿಡಬೇಕು. ಆಮೇಲೆ ಸ್ವಚ್ಛ ವಾಹಿನಿ ಮನೆಯ ಮುಂದೆ ಬಂದಾಗ ಅದನ್ನು ಹಸಿ ಕಸಕ್ಕೂ ಹಾಕದೆ, ಒಣ ಕಸಕ್ಕೂ ಹಾಕದೆ, ಚಾಲಕಿಯ ಕೈಗೇ ಕೊಟ್ಟು, ಇದು ಸ್ಪ್ರೇ ಡಬ್ಬಿ ಎಂದು ಬಾಯಿಬಿಟ್ಟು ಹೇಳಬೇಕು.